ತಪ್ಪಾದಾಗ ಬಾಯಿ ಬಿಡಬೇಕು

ಅವರು ತೀರಿಕೊಂಡ ಸುದ್ದಿ ನನಗೆ ಬಸ್ಸಿನಲ್ಲಿ ಸಿಕ್ಕಿತು. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಪ್ರೈವೇಟ್ ಬಸ್ಸು. ಪಕ್ಕದಲ್ಲಿ ನಿಂತಿದ್ದವನು ಮಾಚೇನಹಳ್ಳಿಯ ನಮ್ಮ ಹಳೆಯ ಕಾರ್ಖಾನೆಯ ಫರ್ನೇಸ್ ಆಪರೇಟರ್. "ನಿಮ್ ಗುರುಗಳು ಹೋಗ್ಬಿಟ್ರಲ್ಲ ಸರ್, ಗೊತ್ತಾಗ್ಲಿಲ್ವಾ? ತಿಥಿನೂ ಆಗೋಯ್ತು" ಅಂದ. ಗುರುಗಳು ಎಂಬ ಮಾತು ಕೇಳಿ ನಾನು ತಲೆ ತಗ್ಗಿಸಿದೆ. ದುಃಖಕ್ಕೆ ತಗ್ಗಿಸಿದ್ದು ಎಂದು ಅವನು ತಿಳಿದುಕೊಂಡ. ತಿಳಿದುಕೊಳ್ಳಲಿ ಎಂದು ನಾನೂ ಬಿಟ್ಟೆ. ಜನ ನನ್ನ ಬಗ್ಗೆ ಇಲ್ಲದ ಒಳ್ಳೆಯದನ್ನು ತಿಳಿದುಕೊಂಡಾಗ ಅದನ್ನು ತಿದ್ದದೆ ಬಿಡುವುದು ನನ್ನ ಹಳೆಯ ಚಾಳಿ. ಅವರ ಬಗ್ಗೆ ಬರೆಯಲು ಕೂತರೆ ಆ ಚಾಳಿಯ ಬಗ್ಗೆಯೂ ಬರೆಯಬೇಕಾಗುತ್ತದೆ.

ಅವರು ಭದ್ರಾವತಿಯ ಒಂದು ದೊಡ್ಡ ಕಾರ್ಖಾನೆಯ ಇನ್‌ಸ್ಟ್ರುಮೆಂಟ್ ಸೆಕ್ಷನ್ನಿನಲ್ಲಿ ಬಹಳ ವರ್ಷ ದುಡಿದು, ಸ್ವಯಂ ನಿವೃತ್ತಿ ತೆಗೆದುಕೊಂಡು ನಮ್ಮಲ್ಲಿಗೆ ಬಂದವರು. ನಮ್ಮದು ಚಿಕ್ಕ ಕಾರ್ಖಾನೆ. ಬೇರೆಯವರು ಮಾಡಿ ಕಳಿಸಿದ ಗೇರು, ಪಿನ್ನುಗಳನ್ನು ಫರ್ನೇಸಿನಲ್ಲಿ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಗಟ್ಟಿ ಮಾಡಿ ವಾಪಸ್ ಕಳಿಸುವುದು. ಹಳ್ಳಿಯ ಆಚಾರಿ ಕತ್ತಿಗೆ ಹದ ಹಾಕುತ್ತಾನಲ್ಲ, ಅದೇ ಕೆಲಸ, ಸ್ವಲ್ಪ ದೊಡ್ಡದಾಗಿ. ನಾನು ಡಿಪ್ಲೊಮಾ ಮುಗಿಸಿ ಅಲ್ಲಿ ಆಫೀಸಿನ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ನನ್ನ ಮೇಜಿನ ಮೇಲೆ 'ಸಿಸ್ಟಮ್ ಇನ್‌ಚಾರ್ಜ್' ಎಂದು ಒಂದು ಫಲಕ ಇತ್ತು. ಚಾಲೂ ಇದ್ದದ್ದು ಒಂದೇ ಸಿಸ್ಟಮ್. ಬೆಳಿಗ್ಗೆ ನಾನು ಶಿವಮೊಗ್ಗದ ರಾಗಿಗುಡ್ಡದಿಂದ ಹೊರಟು, ಅವರು ಭದ್ರಾವತಿಯಿಂದ ಹೊರಟು, ಎದುರುಬದುರು ದಿಕ್ಕಿನ ಬಸ್ಸುಗಳಿಂದ ಒಂದೇ ಸ್ಟಾಪಿನಲ್ಲಿ ಇಳಿಯುತ್ತಿದ್ದೆವು.

ಐವತ್ತು ದಾಟಿದ ವಯಸ್ಸು, ಗಿಡ್ಡ ದೇಹ, ಶರ್ಟಿನ ಜೇಬಿನಲ್ಲಿ ಪೆನ್ನಿನ ಪಕ್ಕ ಸದಾ ಒಂದು ಟೆಸ್ಟರ್. ಯಾವ ಯಂತ್ರ ಕಂಡರೂ ಅವರ ಕೈ ಮೊದಲು ಆ ಟೆಸ್ಟರಿಗೇ ಹೋಗುತ್ತಿತ್ತು. ಹುಟ್ಟಿ ಬೆಳೆದದ್ದೆಲ್ಲ ತಮಿಳರ ಮನೆಗಳ ನಡುವೆ, ಕಾರ್ಖಾನೆಯ ಕಾರ್ಮಿಕರ ಲೈನ್ ಮನೆಗಳಲ್ಲಿ. ಹಾಗಾಗಿ ಖುಷಿಯಾದಾಗಲೂ ಬೇಜಾರಾದಾಗಲೂ ಬಾಯಿಂದ ಬರುತ್ತಿದ್ದ ಮಾತು ಒಂದೇ, "ಪರವಾಯಿಲ್ಲೆ". ಎರಡರಲ್ಲಿ ಯಾವುದು ಎಂದು ಮುಖ ನೋಡಿ ತಿಳಿದುಕೊಳ್ಳಬೇಕಿತ್ತು.

ಹೆಂಡತಿಗೆ ಮಿಕ್ಸಿ ಕೊಡಿಸಲು ಅಂಗಡಿಗೆ ಹೋದ ಕಥೆಯನ್ನು ಅವರೇ ಹೇಳಿದ್ದರು. ಅಂಗಡಿಯವನ ಎದುರೇ ಮಿಕ್ಸಿಯನ್ನು ತಲೆಕೆಳಗು ಮಾಡಿ ನೋಡಿದರಂತೆ. ತಳದ ಸ್ಕ್ರೂಗಳ ತಲೆ ಮೂರು ಮೂಲೆಯದು, ಯಾವ ಟೆಸ್ಟರೂ ಸ್ಕ್ರೂಡ್ರೈವರೂ ಅದಕ್ಕೆ ಕೂರುವುದಿಲ್ಲ. ವಾಪಸ್ ಇಟ್ಟು ಬಂದರು. "ಮಾಡಿದೋನು ಬಿಚ್ಚಬಹುದು, ಕೊಂಡೋನು ಬಿಚ್ಚಬಾರ್ದು ಅಂದ್ರೆ ಇದು ಯಾರ್ದಪ್ಪಾ? ನಂದಾ, ಅವಂದಾ?" ಎಂದು ನನ್ನನ್ನೇ ಗದರಿದರು, ನಾನೇ ಮಿಕ್ಸಿ ಮಾರಿದವನ ಹಾಗೆ. ಇವರ ಸಿದ್ಧಾಂತಕ್ಕಾಗಿ ಆ ತಾಯಿ ಮತ್ತೆ ಎರಡು ವರ್ಷ ಒರಳಲ್ಲಿ ಚಟ್ನಿ ರುಬ್ಬಿದರು.

ಇಂಥ ಮನುಷ್ಯನ ಕೈಗೆ ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಲಿನಕ್ಸ್ ಸಿ.ಡಿ. ಸಿಕ್ಕಿತು. ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ ಅದು. ಜಗತ್ತಿನ ಎಲ್ಲೆಲ್ಲಿಯವರೋ ಸೇರಿ ಬರೆದದ್ದು. ಒಳಗಿರುವ ಪ್ರತಿ ಸಾಲನ್ನೂ ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಇನ್ನೊಬ್ಬರಿಗೆ ಕೊಡಬಹುದು. ಮೂರು ಮೂಲೆಯ ಸ್ಕ್ರೂ ಇಲ್ಲದ ಯಂತ್ರ! ಇಷ್ಟು ದಿನ ಇದು ಎಲ್ಲಿತ್ತು ಎಂಬಂತೆ ಅದಕ್ಕೆ ಅಂಟಿಕೊಂಡರು. ನನ್ನ ಆಫೀಸಿನ ಕಂಪ್ಯೂಟರಿನಲ್ಲಿದ್ದದ್ದು ಎಲ್ಲರೂ ಬಳಸುವ ದುಬಾರಿ ತಂತ್ರಾಂಶ, ಯಾರದೋ ಸಿ.ಡಿ.ಯಿಂದ ಹಾಕಿಸಿದ ಕಳ್ಳಮಾಲು. "ಪುಕ್ಕಟೆ ಬಂದದ್ದಕ್ಕೆ ಬೆಲೆ ಇಲ್ಲ ಸರ್" ಎಂದು ನಾನು ಹೇಳಿದರೆ, "ನಿಂದೂ ಪುಕ್ಕಟೇನೇ ಮಾರಾಯ, ಕದ್ದಿದ್ದು" ಎಂದು ನಕ್ಕರು.

"ಇದನ್ನ ಯಾವ ಕೆಲಸಕ್ಕೆ ಅಂತ ಮಾಡಿದ್ದು?" ಎಂದು ಒಮ್ಮೆ ಕೇಳಿದ್ದೆ.

"ಇಂಥದ್ದಕ್ಕೆ ಅಂತ ಮಾಡಿಲ್ಲ, ಅದೇ ಅದರ ಗಮ್ಮತ್ತು. ಕತ್ತಿ ಮಾಡೋ ಆಚಾರಿ, ಇದ್ರಲ್ಲಿ ಕಾಯಿ ಸುಲೀತೀಯಾ, ಸೌದೆ ಕಡೀತೀಯಾ ಅಂತ ಕೇಳ್ತಾನಾ? ಹದ ಹಾಕಿ ಕೊಡ್ತಾನೆ. ಏನ್ ಮಾಡ್ಕೋಬೇಕು ಅನ್ನೋದು ನಿನಗೆ ಬಿಟ್ಟಿದ್ದು. ಇದನ್ನ ಬರೆದೋರಿಗೆ ಮಾಚೇನಹಳ್ಳಿ ಎಲ್ಲಿದೆ ಅಂತ ಗೊತ್ತಾ? ಆದ್ರೂ ಇಲ್ಲಿ ಕೆಲಸ ಮಾಡುತ್ತಲ್ಲ."

ಅವರನ್ನು ಸಹಿಸುವುದು ಸುಲಭವಾಗಿರಲಿಲ್ಲ. ಏನು ಕೇಳಿದರೂ ಮೊದಲ ಪ್ರಶ್ನೆ, "ಓದಿದ್ದೀಯಾ?" ಲಿನಕ್ಸಿನ ಪ್ರತಿ ಆಜ್ಞೆಗೂ ಅದರ ಜೊತೆಗೇ ವಿವರಣೆಯ ಪುಟ ಇರುತ್ತದೆ. ಅದನ್ನೆಲ್ಲ ಹಳೆಯ ಬಿಲ್ಲುಗಳ ಹಿಂಬದಿಗೆ ಅಚ್ಚು ಹಾಕಿ, ದಾರ ಹೊಲಿದು ಇಟ್ಟಿದ್ದರು. ಓದಿಲ್ಲ ಅಂದರೆ ಆ ಕಟ್ಟು ನಮ್ಮ ಮಡಿಲಿಗೆ ಬೀಳುತ್ತಿತ್ತು. ಓದಿದ್ದೇನೆ ಎಂದು ಸುಳ್ಳು ಹೇಳಿದರೆ ಎರಡೇ ಪ್ರಶ್ನೆಯಲ್ಲಿ ಹಿಡಿದುಬಿಡುತ್ತಿದ್ದರು. ಮಾಲೀಕರಿಗೂ ಒಮ್ಮೆ "ಓದಿದ್ದೀರಾ?" ಅಂದಿದ್ದರು. ಇವರು ದಿನಗೂಲಿ ಲೆಕ್ಕದಲ್ಲೇ ಉಳಿದದ್ದಕ್ಕೆ ಈ ಬಾಯಿಯೂ ಒಂದು ಕಾರಣ ಎಂದು ಆಪರೇಟರುಗಳು ಆಡಿಕೊಳ್ಳುತ್ತಿದ್ದರು.

ಅವರು ಲಿನಕ್ಸ್ ಹಾಕಿದ್ದ ಕಂಪ್ಯೂಟರಿನ ಎದುರು ನಾನು ಮೊದಲ ಸಲ ಕೂತು ಒಂದು ಫೈಲನ್ನು ನಕಲು ಮಾಡಿದೆ. ಪರದೆಯ ಮೇಲೆ ಏನೂ ಬರಲಿಲ್ಲ. ಆಗಲಿಲ್ಲ ಎಂದುಕೊಂಡು ಮತ್ತೆ ಮಾಡಿದೆ. ಮತ್ತೂ ಮಾಡಿದೆ. ಹಿಂದೆ ನಿಂತಿದ್ದವರು ನಗಲು ಶುರು ಮಾಡಿದರು.

"ಮೂರು ಸಲ ಮಾಡಿದ್ಯಲ್ಲ ಮಾರಾಯ, ಮೊದಲ್ನೇ ಸಲಕ್ಕೇ ಆಗಿದೆ."

"ಆಯ್ತು ಅಂತ ಹೇಳ್ಬೇಕಲ್ವಾ ಸರ್ ಅದು?"

"ನಿಮ್ಮನೇಲಿ ದಿನಾ ಅನ್ನ ಆದಾಗ, 'ಅನ್ನ ಆಯ್ತು, ಓಕೆ ಒತ್ತಿ' ಅಂತ ಯಾರಾದ್ರೂ ಬಂದು ಹೇಳ್ತಾರಾ? ಸೀದ್ರೆ ಮಾತ್ರ ವಾಸನೆ ಬರುತ್ತೆ. ಇದೂ ಹಂಗೇ. ಕೆಲಸ ಆದ್ರೆ ಸುಮ್ನಿರುತ್ತೆ. ತಪ್ಪಾದ್ರೆ ಬಾಯಿ ಬಿಡುತ್ತೆ. ಮನುಷ್ಯರು ತಿರುವು ಮುರುವು. ಆದಾಗ ಊರೆಲ್ಲ ಸಾರ್ತಾರೆ, ತಪ್ಪಾದಾಗ ಬಾಯಿಗೆ ಬೀಗ."

ನಾನೂ ನಕ್ಕೆ. ಅದು ನನಗೇ ಬರಲಿರುವ ಮಾತು ಎಂದು ಆಗ ಅನ್ನಿಸಲಿಲ್ಲ.

ನಮ್ಮ ಕಾರ್ಖಾನೆಯಲ್ಲಿ ಫರ್ನೇಸಿನ ಕಾವನ್ನು ಕಾಲು ಗಂಟೆಗೊಮ್ಮೆ ರಿಜಿಸ್ಟರಿನಲ್ಲಿ ಬರೆಯಬೇಕಿತ್ತು. ಆಪರೇಟರುಗಳು ಟೀ ಕುಡಿಯುತ್ತಾ ಇಡೀ ದಿನದ್ದನ್ನು ಒಂದೇ ಸಲಕ್ಕೆ ತುಂಬಿಸಿಬಿಡುತ್ತಿದ್ದರು. ಮಾಲು ಕಳಿಸುವ ಬೆಂಗಳೂರಿನ ಕಂಪನಿಗೆ ಇದರ ವಾಸನೆ ಬಡಿದು, ನಂಬುವಂಥ ದಾಖಲೆ ಕೊಡದಿದ್ದರೆ ಕೆಲಸ ಕೊಡುವುದಿಲ್ಲ ಎಂದಿತು. ಇವರು ಆಫೀಸಿನ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಕಂಪ್ಯೂಟರ್ ಎತ್ತಿಕೊಂಡು ಹೋಗಿ, ಅದರಲ್ಲಿ ಲಿನಕ್ಸ್ ಹಾಕಿ, ಫರ್ನೇಸಿನ ಮೀಟರಿನಿಂದ ಒಂದು ತಂತಿ ಎಳೆದರು. ಆಮೇಲೆ ನಾಲ್ಕು ಪುಟ್ಟ ಪ್ರೋಗ್ರಾಂ ಬರೆದರು. ಒಂದು ಕಾವನ್ನು ಓದುತ್ತದೆ, ಒಂದು ಬರೆದಿಡುತ್ತದೆ, ಮೂರನೆಯದು ಕಾವು ಮಿತಿ ಮೀರಿದರೆ ಗಂಟೆ ಹೊಡೆಯುತ್ತದೆ, ನಾಲ್ಕನೆಯದು ಸಂಜೆ ಎಲ್ಲವನ್ನೂ ಕಾಗದದ ಮೇಲೆ ಅಚ್ಚು ಹಾಕುತ್ತದೆ. ಒಂದರ ಬಾಯಿಂದ ಬಂದದ್ದು ಇನ್ನೊಂದರ ಕಿವಿಗೆ, ನಲ್ಲಿಯ ಪೈಪಿಗೆ ಪೈಪು ಜೋಡಿಸಿದ ಹಾಗೆ.

"ಒಂದೇ ದೊಡ್ಡದು ಮಾಡಬಹುದಿತ್ತಲ್ಲ ಸರ್?" ಅಂದೆ.

"ಮಾಡಿದ್ರೆ, ಕೆಟ್ಟಾಗ ಎಲ್ಲಿ ಅಂತ ಹುಡುಕ್ತೀಯ? ಒಂದೊಂದಕ್ಕೂ ಒಂದೇ ಕೆಲಸ, ಅದನ್ನ ನೆಟ್ಟಗೆ ಮಾಡ್ಲಿ. ಕೆಟ್ರೆ, ಯಾವುದು ಕೆಡ್ತೋ ಅದೇ ಬಾಯಿ ಬಿಡ್ಬೇಕು. ಪಕ್ಕದ್ದು ಬಾಯಿ ಬಿಟ್ರೆ ಅದು ಚಾಡಿ."

ಇದನ್ನು ಮನುಷ್ಯರಿಗೂ ಅನ್ವಯಿಸುತ್ತಿದ್ದರು. ಒಬ್ಬ ಆಪರೇಟರ್ ಬಂದು, ಇನ್ನೊಬ್ಬ ಗೇರುಗಳ ಒಂದು ಲಾಟನ್ನೇ ಸುಟ್ಟು ಹಾಕಿದ ಎಂದು ದೂರಿದಾಗ ಇವರು ಕಿವಿ ಮುಚ್ಚಿಕೊಂಡರು. "ಅವನೇ ಬಂದು ಹೇಳ್ಲಿ, ನಾನು ಕಾಯ್ತೀನಿ." ಸಂಜೆಗೆ ಆ ಇನ್ನೊಬ್ಬ ನಿಜವಾಗಿಯೂ ಬಂದು ಹೇಳಿದ. ಅವನಿಗೆ ಟೀ ಕೊಡಿಸಿ, ಯಾಕೆ ಸುಟ್ಟಿತು ಎಂದು ಇಬ್ಬರೂ ಕೂತು ಹುಡುಕಿದರು.

ಪ್ರತಿ ಪ್ರೋಗ್ರಾಮಿನ ಮೊದಲ ಸಾಲಿನಲ್ಲಿ ಬರೆದವರ ಹೆಸರು, ಊರು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಅದರ ಕೆಳಗೆ ಏನು, ಯಾಕೆ ತಿದ್ದಿದ್ದು ಎಂಬ ವಿವರ. ಇಷ್ಟಬಂದ ಹಾಗೆ ತೆಗೆದುಕೊಳ್ಳಿ, ಮುರಿಯಿರಿ, ಕಟ್ಟಿರಿ, ಆದರೆ ಮೊದಲು ಮಾಡಿದವನ ಹೆಸರು ಅಳಿಸಬೇಡಿ, ಅಷ್ಟೇ ಅವರ ಕರಾರು. ಕರೆಂಟ್ ಹೋಗಿ ಬಂದಾಗಲೆಲ್ಲ ಸುಮ್ಮಸುಮ್ಮನೆ ಗಂಟೆ ಹೊಡೆಯುತ್ತದೆ ಎಂದು ನಾನು ಗಮನಿಸಿ ಹೇಳಿದ್ದೆ. ಕರೆಂಟ್ ಬಂದ ತಕ್ಷಣ ಮೀಟರ್ ಕೊಡುವ ಮೊದಲ ಅಂಕಿ ಹುಸಿ ಎಂದು ಪತ್ತೆಯಾಯಿತು. ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು. "ಪರವಾಯಿಲ್ಲೆ! ತಪ್ಪು ಹುಡುಕಿ ಕೊಟ್ಟೋನು ಬರೆದೋನಷ್ಟೇ ದೊಡ್ಡೋನು" ಎಂದು ಆಗಲೇ ಕೂತು, 'ತಪ್ಪು ಹುಡುಕಿದವರು' ಎಂದು ನನ್ನ ಹೆಸರು ಸೇರಿಸಿ, ಪಕ್ಕದಲ್ಲಿ ತಮ್ಮ ಹೆಸರಿನಿಂದ ಒಂದು ಥ್ಯಾಂಕ್ಸ್ ಬರೆದರು.

ಆ ದಿನಗಳಲ್ಲೇ ಬಸ್ ಸ್ಟಾಪಿನಲ್ಲಿ ಒಮ್ಮೆ ಹೇಳಿದ್ದರು: "ಇಲ್ಲಿ ಪರ್ಮನೆಂಟ್ ಮಾಡಿದ್ರೆ ಸಾಕಪ್ಪಾ. ಮನೇಲಿ ಕೂತ್ರೆ ಬಿಚ್ಚಕ್ಕೆ ಏನೂ ಉಳಿದಿಲ್ಲ." ತಮಾಷೆಯ ಧಾಟಿಯಲ್ಲೇ ಹೇಳಿದ್ದರೂ, ಆ ಕೆಲಸ ಅವರಿಗೆ ಎಷ್ಟು ಬೇಕಾಗಿತ್ತು ಎಂಬುದು ನನಗೆ ಅರ್ಥವಾಗಿತ್ತು. ಅರ್ಥವಾಗಿತ್ತು ಎಂಬುದನ್ನು ಒತ್ತಿ ಬರೆಯುತ್ತಿದ್ದೇನೆ.

ಬೆಂಗಳೂರಿನ ಕಂಪನಿಯವರು ತಪಾಸಣೆಗೆ ಬಂದ ದಿನ ಅವರು ರಜೆ. ಹೆಂಡತಿಯ ಕಣ್ಣಿನ ಆಪರೇಷನ್. ಬಂದವರಲ್ಲಿ ಒಬ್ಬರು ಅಚ್ಚಾಗಿ ಬಂದ ದಾಖಲೆ ನೋಡಿ, "ತುಂಬಾ ಚೆನ್ನಾಗಿದೆ, ಯಾರು ಮಾಡಿದ್ದು?" ಎಂದು ಕೇಳಿದರು. ನಮ್ಮ ಮಾಲೀಕರಿಗೆ ಕಂಪ್ಯೂಟರ್ ಅಂದರೆ ನಾನು. "ಇವರೇ, ನಮ್ಮ ಸಿಸ್ಟಮ್ ಇನ್‌ಚಾರ್ಜ್" ಎಂದು ನನ್ನ ಬೆನ್ನು ತಟ್ಟಿದರು. ನಾನು ಬಾಯಿ ತೆರೆಯಲಿಲ್ಲ. ಇಷ್ಟೇ ಆಗಿದ್ದರೆ ಸಂಕೋಚ, ಮುಜುಗರ ಎಂದು ಏನೋ ಒಂದು ನೆಪ ಹೇಳಿಕೊಳ್ಳಬಹುದಿತ್ತು. ಆದರೆ ಆ ಅಧಿಕಾರಿ, "ಊಟ ಆದ್ಮೇಲೆ ಒಳಗಡೆ ಹೇಗಿದೆ ಅಂತ ತೋರಿಸ್ತೀರಾ?" ಎಂದರು.

ಊಟದ ಹೊತ್ತಿಗೆ ಎಲ್ಲರೂ ಹೋದ ಮೇಲೆ ನಾನು ಆ ಯಂತ್ರದ ಎದುರು ಕೂತೆ. ಎಷ್ಟು ಫೈಲುಗಳಿದ್ದರೂ ಒಂದು ಪದದ ಜಾಗದಲ್ಲಿ ಇನ್ನೊಂದು ಪದವನ್ನು ಕೂರಿಸುವ ಒಂದು ಸಾಲಿನ ಆಜ್ಞೆ ಇದೆ. ನನಗೆ ಅದನ್ನು ಕಲಿಸಿದವರು ಅವರೇ. ಅವರ ಹೆಸರು ಟೈಪ್ ಮಾಡಿದೆ, ನನ್ನ ಹೆಸರು ಟೈಪ್ ಮಾಡಿದೆ, ಎಂಟರ್ ಒತ್ತಿದೆ. ಪರದೆ ಏನೂ ಹೇಳಲಿಲ್ಲ. ಕೆಲಸ ಆಗಿತ್ತು.

ಊಟ ಮುಗಿಸಿ ಬಂದ ಅಧಿಕಾರಿ ಓದುತ್ತಾ ಹೋಗಿ, "ನೀವು ಭದ್ರಾವತಿಯವರಾ?" ಅಂದರು. ಹೆಸರು ಬದಲಾಗಿತ್ತು, ಊರು ಹಾಗೇ ಉಳಿದಿತ್ತು. ರಾಗಿಗುಡ್ಡದಲ್ಲಿ ಹುಟ್ಟಿದ ನಾನು "ಹೌದು ಸರ್" ಅಂದೆ. ಅವರು ಇನ್ನೂ ಕೆಳಗೆ ಹೋಗಿ ನಕ್ಕುಬಿಟ್ಟರು. "ನಿಮ್ಮ ತಪ್ಪು ನೀವೇ ಹುಡುಕಿ ನಿಮಗೆ ನೀವೇ ಥ್ಯಾಂಕ್ಸ್ ಹೇಳ್ಕೊಂಡಿದ್ದೀರಲ್ಲ!" ನಾನೂ ಹಲ್ಲು ಕಿರಿದೆ. ಈಗಲೂ ಒಬ್ಬನೇ ಇರುವಾಗ ಆ ನಗು ನೆನಪಾದರೆ ಮೈಯೆಲ್ಲ ಮುಳ್ಳಾಗುತ್ತದೆ.

ಎರಡು ದಿನ ಬಿಟ್ಟು ಅವರು ರಜೆ ಮುಗಿಸಿ ಬಂದರು. ಬಂದವರೇ ಅಭ್ಯಾಸದಂತೆ ಫೈಲು ತೆರೆದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಮೊದಲ ಸಾಲು ಓದಿದರು. ಕೆಳಗಿನ ಥ್ಯಾಂಕ್ಸ್ ಓದಿದರು. ಜೇಬಿನಿಂದ ಟೆಸ್ಟರ್ ತೆಗೆದು, ಏನನ್ನೂ ಬಿಚ್ಚದೆ, ಮತ್ತೆ ಜೇಬಿಗಿಟ್ಟರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು.

"ಏನಾದ್ರೂ ಹೇಳೋದಿದ್ಯಾ?"

"ಇಲ್ಲ ಸರ್."

"ಪರವಾಯಿಲ್ಲೆ" ಅಂದರು. ನಾನು ಮುಖ ನೋಡಲಿಲ್ಲ.

ಅವರು ಹೆಸರನ್ನು ತಿದ್ದಲಿಲ್ಲ. ಮಾಲೀಕರ ಹತ್ತಿರ ಹೋಗಿ ಚಾಡಿ ಹೇಳಲಿಲ್ಲ. ತಿಂಗಳ ಕೊನೆಗೆ ಮಾಲೀಕರು, ಕಂಪ್ಯೂಟರ್ ಕೆಲಸ ಹೇಗೂ ಈ ಹುಡುಗನೇ ಮಾಡುತ್ತಾನಲ್ಲ, ನಿಮಗೂ ವಯಸ್ಸಾಯಿತು ಎಂದು ಅವರನ್ನು ಕಳಿಸಿಕೊಟ್ಟರು. ನನ್ನ ಸಂಬಳ ಏರಿತು. ವಿವರಣೆಯ ಪುಟಗಳ ಕಟ್ಟನ್ನು ಅವರು ನನ್ನ ಮೇಜಿನ ಮೇಲೆ ಬಿಟ್ಟು ಹೋಗಿದ್ದರು.

ಮಾರನೆಯ ವರ್ಷ ಫರ್ನೇಸಿನ ಮೀಟರ್ ಬದಲಾಯಿತು, ಗಂಟೆ ನಿಂತುಹೋಯಿತು. ನಾನು ಎರಡು ದಿನ ತಿಣುಕಿದೆ. ಕೊನೆಗೆ ನಾಚಿಕೆ ಬಿಟ್ಟು ಫೋನ್ ಮಾಡಿದೆ. "ಓದಿದ್ದೀಯಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ಬಸ್ಸು ಹಿಡಿದು ಬಂದರು. ಸಂಜೆಯೊಳಗೆ ಸರಿ ಮಾಡಿ, ಏನು ತಿದ್ದಿದ್ದು ಎಂದು ಬರೆದಿಟ್ಟರು. ತಿದ್ದಿದವರ ಹೆಸರಿನ ಜಾಗವನ್ನು ಖಾಲಿ ಬಿಟ್ಟರು. ಬಸ್ ಸ್ಟಾಪಿನವರೆಗೆ ನಾನೂ ಜೊತೆಗೆ ನಡೆದೆ. ಇವತ್ತು ಹೇಳಿಬಿಡಬೇಕು ಎಂದು ಗಟ್ಟಿ ಮನಸ್ಸು ಮಾಡಿದ್ದೆ. ಅವರೂ ಸುಮ್ಮನೆ ನಿಂತಿದ್ದರು, ಏನೋ ಕಾಯುವವರ ಹಾಗೆ. ಅಷ್ಟರಲ್ಲಿ ಶಿವಮೊಗ್ಗದ ಬಸ್ಸು ಬಂತು. "ಬರ್ತೀನಿ ಸರ್" ಎಂದು ಹತ್ತಿಬಿಟ್ಟೆ. ಹತ್ತು ನಿಮಿಷಕ್ಕೆ ಇನ್ನೊಂದು ಬಸ್ಸಿದೆ ಎಂದು ಗೊತ್ತಿತ್ತು. ಸೀಟಿನಲ್ಲಿ ಕೂತು ತಿರುಗಿ ನೋಡಿದಾಗ ಅವರು ರಸ್ತೆಯ ಆ ಬದಿಗೆ ದಾಟುತ್ತಿದ್ದರು. ಅದೇ ಕೊನೆ, ಮತ್ತೆ ನೋಡಲಿಲ್ಲ.

ಬಸ್ಸಿನಲ್ಲಿ ಸುದ್ದಿ ಸಿಕ್ಕ ದಿನ ಹೊರಟಿದ್ದ ಕೆಲಸ ಬಿಟ್ಟು ನೇರ ಅವರ ಮನೆಗೆ ಹೋದೆ. ನನ್ನ ಹೆಸರು ಹೇಳಿದ ಕೂಡಲೇ ಅವರ ಹೆಂಡತಿ, "ಮಾಚೇನಹಳ್ಳಿ ಫ್ಯಾಕ್ಟ್ರಿಯೋರಲ್ವಾ? ಬನ್ನಿ, ನಿಮ್ಮ ಹೆಸರು ಹೇಳ್ತಾ ಇದ್ರು" ಅಂದರು. ಏನು ಹೇಳುತ್ತಿದ್ದರು ಎಂದು ಕೇಳುವ ಧೈರ್ಯ ಬರಲಿಲ್ಲ. ಆಕೆಯೇ ಒಳಗೆ ಹೋಗಿ ಒಂದು ನೋಟ್‌ಬುಕ್ ತಂದು ಕೊಟ್ಟರು. ನಾಲ್ಕೂ ಪ್ರೋಗ್ರಾಮನ್ನು ಅವರು ಕೈಯಲ್ಲಿ ಬರೆದಿಟ್ಟುಕೊಂಡಿದ್ದರು. ಕೊನೆಯಲ್ಲಿ ಕನ್ನಡದಲ್ಲಿ, ದುಂಡಗೆ: ತಪ್ಪು ಹುಡುಕಿದವರು, ನನ್ನ ಹೆಸರು, ಶಿವಮೊಗ್ಗ.

"ಈ ಹುಡುಗನ ಕಣ್ಣು ಚುರುಕು ಅಂತಿದ್ರು" ಎಂದರು ಆಕೆ.

ಆಗ ಬಾಯಿ ಬಿಟ್ಟೆ. ತಪಾಸಣೆಯ ದಿನ, ಊಟದ ಹೊತ್ತು, ಒಂದು ಸಾಲಿನ ಆಜ್ಞೆ, ಎಲ್ಲ ಹೇಳಿದೆ. ನಿಮ್ಮ ಆಪರೇಷನ್ನಿಗೆ ಅವರು ರಜೆ ಹಾಕಿದ್ದ ದಿನವೇ ಎಂದೂ ಹೇಳಿದೆ. ಆಕೆ ನೋಟ್‌ಬುಕ್ಕನ್ನು ನನ್ನ ಕೈಯಿಂದ ವಾಪಸ್ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡರು.

"ಕೆಲಸ ಮುಗೀತು, ಬಂದೆ ಅಂತ ಅಷ್ಟೇ ಅಂದಿದ್ರು ನನ್ ಹತ್ರ. ನಾನು, ಇವರೇ ಯಾರ ಹತ್ರನೋ ಬಾಯಿ ಮಾಡಿ ಬಿಟ್ ಬಂದಿದ್ದಾರೆ ಅಂದ್ಕೊಂಡೆ. ನಿಮ್ ಬಾಯಿಂದ ಅನ್ನ ಹೋಯ್ತು ಅಂತ ಬೈದೆ. ಒಂದಿನ ಅಲ್ಲ ಕಣಪ್ಪ, ಇಷ್ಟೂ ವರ್ಷ ಬೈದಿದ್ದೀನಿ. ಒಂದ್ ಸಲನೂ ತಿರುಗಿ ಮಾತಾಡ್ಲಿಲ್ಲ."

ನನಗೆ ಅಲ್ಲಿಂದ ಎದ್ದು ಓಡಬೇಕೆನಿಸಿತು. ಏನಾದರೂ ಮಾಡುವವನ ಹಾಗೆ, "ಅಮ್ಮ, ಇದನ್ನೆಲ್ಲ ನಾನು ಪತ್ರಿಕೆಗೆ ಬರೀತೀನಿ. ಅದನ್ನ ಮಾಡಿದ್ದು ಅವರೇ ಅಂತ, ಅವರ ಹೆಸರು ಹಾಕಿ ಬರೀತೀನಿ" ಅಂದೆ.

ಆಕೆ ಆಪರೇಷನ್ ಆದ ಆ ಕಣ್ಣುಗಳನ್ನು ಒರೆಸಿಕೊಂಡು ನನ್ನನ್ನು ನೋಡಿದರು.

"ಅವರ ಹೆಸರು ಯಾಕೆ? ತಪ್ಪು ಮಾಡಿದ್ದು ಅವರಾ? ನಿಮ್ಮದು ಹಾಕಿ."

ಹಾಗಾಗಿ ಇಲ್ಲಿ ಎಲ್ಲಿಯೂ ಅವರ ಹೆಸರಿಲ್ಲ. ನನ್ನ ಹೆಸರನ್ನು ಮೇಲೆಯೇ, ಎಲ್ಲರಿಗೂ ಕಾಣುವ ಹಾಗೆ ಅಚ್ಚು ಹಾಕಿ ಎಂದು ಪತ್ರಿಕೆಯವರಿಗೆ ಬರೆದಿದ್ದೇನೆ. ಊರು ಶಿವಮೊಗ್ಗ ಎಂದು ಹಾಕಲು ಹೇಳಿದ್ದೇನೆ, ಭದ್ರಾವತಿ ಅಲ್ಲ.